ಪಕ್ಕದ ಸೀಟಿನ ಮಾತು

ಪೈಲಟ್‌ಗಳ ತರಬೇತಿಯ ಸಿಮ್ಯುಲೇಟರ್ ಡಬ್ಬ ನಿಂತಿರುವ ಆರು ಕಾಲುಗಳ ಬಗ್ಗೆ ಈ ವಾರ ಬರೆಯುತ್ತೇನೆಂದು ಹೇಳಿದ್ದೆ. ಡಬ್ಬವನ್ನು ತುಸು ಹಿಂದಕ್ಕೆ ವಾಲಿಸಿದರೆ ಟೇಕಾಫಿನ ನೂಕು ಬೆನ್ನಿಗೆ ತಾಗಿದಂತಾಗುವುದು ಚೆಂದದ ವಿಷಯವೇ. ಆದರೆ ಬಸವೇಶ್ವರನಗರದ ಹಾವನೂರು ಸರ್ಕಲ್ ಬಳಿ ಸಿಕ್ಕ ಓದುಗರೊಬ್ಬರು, "ಆರಾರು ತಿಂಗಳಿಗೆ ಸಿಮ್ಯುಲೇಟರಿನಲ್ಲಿ ಅಷ್ಟು ಕಠಿಣ ಪರೀಕ್ಷೆ ಪಾಸು ಮಾಡಿದ ಪೈಲಟ್‌ಗಳ ಕೈಯಲ್ಲೂ ವಿಮಾನ ಬೀಳುವುದೇಕೆ?" ಎಂದು ಕೇಳಿದರು. ಕಾಲುಗಳು ಕಾಯಲಿ.

1990ರ ಫೆಬ್ರವರಿ 14. ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ320 ಬೆಂಗಳೂರಿನ ಎಚ್‌ಎಎಲ್ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿತು. 146 ಮಂದಿಯಲ್ಲಿ 92 ಮಂದಿ ಹೋದರು. ಎಂಜಿನ್ನುಗಳು ಕೆಟ್ಟಿರಲಿಲ್ಲ. 'ಐಡಲ್ ಓಪನ್ ಡಿಸೆಂಟ್'ನಲ್ಲಿ ಥ್ರಸ್ಟ್ ತಳ ಕಂಡಿತ್ತು, ವೇಗ ಕರಗುತ್ತಿತ್ತು, ಯಂತ್ರ ಎತ್ತರವನ್ನು ಕೂಗಿ ಹೇಳುತ್ತಿತ್ತು. ಥ್ರಾಟಲ್ ಮುಂದೆ ಹೋದದ್ದು ತೀರಾ ತಡವಾಗಿ. ಕಾಕ್‌ಪಿಟ್ಟಿನಲ್ಲಿ ಒಬ್ಬರು ಪರೀಕ್ಷೆಗೆ ಕೂತವರು, ಇನ್ನೊಬ್ಬರು ಪರೀಕ್ಷಕರು.

2010ರ ಮೇ 22, ಮಂಗಳೂರು. ಬಜ್ಪೆಯ ಗುಡ್ಡದ ಮೇಲಿನ ರನ್‌ವೇಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737 ಅಳತೆ ಮೀರಿದ ಎತ್ತರದಿಂದ ಇಳಿಯುತ್ತಿತ್ತು. 'ಗೋ ಅರೌಂಡ್' (ಇಳಿಯದೆ ಮತ್ತೆ ಮೇಲೇರು) ಎಂದು ಸಹಪೈಲಟ್ ಮೂರು ಸಲ ಹೇಳಿದರೆಂದು ತನಿಖಾ ವರದಿಯಲ್ಲಿದೆ. ವಿಮಾನ ಇಳಿದೇ ಇಳಿಯಿತು. 158 ಜೀವ ಹೋದವು, ಎಂಟು ಉಳಿದವು. ಅಲ್ಲೂ ಎಂಜಿನ್ ಕೆಟ್ಟಿರಲಿಲ್ಲ.

ಹೀಗಿರುವಾಗ ಸಿಮ್ಯುಲೇಟರಿನ ನಾಲ್ಕು ತಾಸಿನಲ್ಲಿ ಯಂತ್ರವನ್ನು ಎಷ್ಟು ಹೆಚ್ಚು ಕೆಡಿಸಿದರೆ ಅಷ್ಟು ಒಳ್ಳೆಯ ತರಬೇತಿ ಎನ್ನುವ ಪಂಥದ ಜೊತೆ ನನ್ನ ಜಗಳ ಹಳೆಯದು. ಟೇಕಾಫ್ ಕೈಬಿಡಬಹುದಾದ ಕೊನೆಯ ವೇಗವಾದ ವಿ1ನಲ್ಲಿ ಎಂಜಿನ್ ಫೇಲ್, ಬೆಂಕಿ, ಹೈಡ್ರಾಲಿಕ್ಸ್, ಎಲ್ಲವನ್ನೂ ನಿಲ್ಲಿಸುವ ಫ್ರೀಜ್ ಗುಂಡಿ, ಮತ್ತೆ ಮೊದಲಿಂದ. ವಿ1 ಪಾಠ ಬೇಕೇ ಬೇಕು. ನಿಜವಾದ ವಿಮಾನದಲ್ಲಿ ಅದನ್ನು ಮಾಡಿಸುವುದು ಅಪಾಯ. ಆದರೆ ಬರುವುದೇನೆಂದು ಮೊದಲೇ ಗೊತ್ತಿದ್ದವನ ಕಾಲು ರಡ್ಡರ್ ಮೇಲೆ ಕಾದು ಕೂತಿರುತ್ತದೆ. ನನ್ನ ಮತ ಲಾಫ್ಟ್‌ಗೆ: ಗೇಟಿನಿಂದ ಗೇಟಿನವರೆಗೆ ಪೂರ್ತಿ ಹಾರಾಟ, ತರಬೇತುದಾರನ ಬಾಯಿಗೆ ಬೀಗ, ಫ್ರೀಜ್ ಇಲ್ಲ. ತಪ್ಪು ಬೆಳೆದು ತನ್ನ ಫಲ ತೋರಿಸಲಿ.

ಅರ್ನೆಸ್ಟ್ ಗ್ಯಾನ್ ಅವರ 1961ರ 'ಫೇಟ್ ಈಸ್ ದ ಹಂಟರ್' ಪುಸ್ತಕದ ರಾಸ್ ಎಂಬ ಕ್ಯಾಪ್ಟನ್ ಇಂಥ ಪಾಠವನ್ನು ಸಿಮ್ಯುಲೇಟರ್ ಇಲ್ಲದೆಯೇ ಕಲಿಸಿದರು. ಎಳೆಯ ಗ್ಯಾನ್ ಉಪಕರಣಗಳನ್ನಷ್ಟೇ ನಂಬಿ ವಿಮಾನ ಇಳಿಸುತ್ತಿರುವಾಗ, ಕಣ್ಣೆದುರಿಗೇ ಒಂದಾದ ಮೇಲೊಂದು ಬೆಂಕಿಕಡ್ಡಿ ಗೀರಿ ಹಿಡಿದರು. ಊದಿ ಆರಿಸಿದರೆ ಮತ್ತೊಂದು. ರಾಸ್ ಕೆಡಿಸಿದ್ದು ಗಮನವನ್ನು, ಯಂತ್ರವನ್ನು ಮುಟ್ಟಲಿಲ್ಲ.

ಕಮಾಂಡರ್ ಪ್ರಜ್ಞೆ ತಪ್ಪಿ ಒರಗಿದಂತೆ ನಟಿಸುವ ಪಾಠ ಸಿಮ್ಯುಲೇಟರಿನಲ್ಲಿ ಈಗಲೂ ಉಂಟು. ಅದು ಸುಲಭದ್ದು, ಒರಗಿದವನು ಎದುರಾಡುವುದಿಲ್ಲ. ಎಚ್ಚರವಾಗಿದ್ದು, ನಗುತ್ತ ಮಾತಾಡುತ್ತ, ಎತ್ತರ ತಪ್ಪಿ ಇಳಿಯುವ ಹಿರಿಯನ ಪಾತ್ರವನ್ನು ಎಡಸೀಟಿನಲ್ಲಿ ಕೂತು ತರಬೇತುದಾರನೇ ವಹಿಸಲಿ. ಎರಡು ಸಲ ಎಚ್ಚರಿಸಿದರೂ ಸರಿಯಾದ ಉತ್ತರ ಬಾರದಿದ್ದರೆ ನಿಯಂತ್ರಣ ತೆಗೆದುಕೊಳ್ಳಬೇಕೆಂಬ ನಿಯಮ ಪೈಲಟ್‌ಗಳ ಕೈಪಿಡಿಯಲ್ಲಿದೆ. ಮೂರನೆಯ ಸಲವೂ ಬರೀ ಬಾಯಲ್ಲಿ ಹೇಳಿ ಕೂತ ಸಹಪೈಲಟ್‌ಗೆ, ಲ್ಯಾಂಡಿಂಗ್ ಎಷ್ಟೇ ನಯವಾಗಿ ಮುಗಿದರೂ, ಆ ದಿನ ಪಾಸ್ ಕೊಡಬಾರದು.