ಆತ್ಮಹತ್ಯೆಯ ಕಾರಣವಿಚಾರ: ಮಿದುಳಿನ ಶಾಸ್ತ್ರ ಮತ್ತು ತೊಗರಿಯ ನಾಡು

ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ಆತ್ಮಹತ್ಯೆಯ ವಾರ್ತೆಗಳಲ್ಲಿ ಎರಡು ಸಿದ್ಧವಾಕ್ಯಗಳು ಮತ್ತೆ ಮತ್ತೆ ಬರುತ್ತವೆ: ‘ಸಾಲಬಾಧೆ ತಾಳಲಾರದೆ’ ಎಂಬುದೊಂದು, ‘ಜೀವನದಲ್ಲಿ ಜಿಗುಪ್ಸೆಗೊಂಡು’ ಎಂಬುದು ಇನ್ನೊಂದು. ಶಾಸನಗಳ ಪ್ರಶಸ್ತಿಭಾಗವನ್ನು ಓದಿ ಬಲ್ಲವರಿಗೆ ಇಂತಹ ರೂಢಿವಾಕ್ಯಗಳ ಬೆಲೆ ಗೊತ್ತು. ಅವು ಬರೆಯುವವರ ಪದ್ಧತಿಯನ್ನು ತಿಳಿಸುವಷ್ಟು ಘಟನೆಯನ್ನು ತಿಳಿಸುವುದಿಲ್ಲ. ಮೊದಲನೆಯದು ಕಾರಣವನ್ನು ಹೊರಗೆ ಇರಿಸುತ್ತದೆ, ಎರಡನೆಯದು ಮನಸ್ಸಿನೊಳಗೆ. ವಿದ್ವಾಂಸರ ಬರಹಗಳೂ ಹೆಚ್ಚುಕಡಮೆ ಹೀಗೆಯೇ ಇಬ್ಭಾಗವಾಗಿವೆ.

ಚಿಂಚೋಳಿಯ ನೆರೆಯ ಬೀದರ ಜಿಲ್ಲೆಯಲ್ಲಿ 1997-98ರಲ್ಲಿ ತೊಗರಿ ಕೈಕೊಟ್ಟಾಗ ರೈತರ ಆತ್ಮಹತ್ಯೆಗಳು ನಾಡಿನ ಗಮನಕ್ಕೆ ಬಂದವು. ಎ. ಆರ್. ವಾಸವಿಯವರು 1999ರಲ್ಲಿ ಪ್ರಕಟಿಸಿದ ಅಧ್ಯಯನವು ಇದರ ಮೂಲವನ್ನು ಮಾರುಕಟ್ಟೆ ಮತ್ತು ಸರ್ಕಾರದ ನಡೆಯಲ್ಲಿ ಹುಡುಕಿತು. ಡಾ. ಜಿ. ಕೆ. ವೀರೇಶ್ ಅವರ ಅಧ್ಯಕ್ಷತೆಯ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಾದರೋ ವ್ಯಕ್ತಿಗತ ಕಾರಣಗಳಿಗೆ ಹೆಚ್ಚು ಸ್ಥಾನ ಕೊಟ್ಟಿತೆಂಬ ಆಕ್ಷೇಪಕ್ಕೆ ಗುರಿಯಾಯಿತು.

ಇತ್ತ ಜೀವಶಾಸ್ತ್ರದ ಸಾಕ್ಷ್ಯವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. 1976ರಲ್ಲಿ ಸ್ವೀಡನ್ನಿನ ಮೇರಿ ಓಸ್‌ಬರ್ಗ್ ಮತ್ತು ಸಂಗಡಿಗರು ಖಿನ್ನತೆಯ ರೋಗಿಗಳ ಬೆನ್ನುಹುರಿಯ ದ್ರವವನ್ನು ಪರೀಕ್ಷಿಸಿದರು. ಸೆರೊಟೊನಿನ್ ಎಂಬ ಮಿದುಳಿನ ರಾಸಾಯನಿಕದ ಶೇಷಾಂಶ ಕಡಮೆಯಿದ್ದವರಲ್ಲಿ ಶೇ. 40 ಮಂದಿ, ಉಳಿದವರಲ್ಲಿ ಶೇ. 15 ಮಂದಿ ಆತ್ಮಹತ್ಯೆಗೆ ಯತ್ನಿಸಿದ್ದರು. 1979ರ ಡೆನ್ಮಾರ್ಕಿನ ದತ್ತು ಅಧ್ಯಯನದಲ್ಲಿ, ಆತ್ಮಹತ್ಯೆಯಿಂದ ಮೃತರಾದ ದತ್ತುಮಕ್ಕಳ 269 ರಕ್ತಸಂಬಂಧಿಗಳಲ್ಲಿ 12 ಮಂದಿ ಹಾಗೆಯೇ ಮೃತರಾಗಿದ್ದರು. ಹೋಲಿಕೆಗೆ ತೆಗೆದುಕೊಂಡ ಅಷ್ಟೇ ಜನರಲ್ಲಿ ಇಬ್ಬರು ಮಾತ್ರ. ನಮಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಮಾಂಟ್ರಿಯಲ್‌ನ 2009ರ ಸಂಶೋಧನೆ. ಬಾಲ್ಯದಲ್ಲಿ ಹಿಂಸೆ ಅನುಭವಿಸಿ ಮುಂದೆ ಆತ್ಮಹತ್ಯೆ ಮಾಡಿಕೊಂಡವರ ಮಿದುಳಿನಲ್ಲಿ, ಒತ್ತಡವನ್ನು ಹದದಲ್ಲಿಡುವ ಒಂದು ಜೀನಿನ ಮೇಲೆ ರಾಸಾಯನಿಕ ಗುರುತುಗಳು ಹೆಚ್ಚಾಗಿದ್ದವು. ಎಂದಮೇಲೆ ‘ಒಳಗು’ ಎಂಬುದು ಕೂಡ ಹೊರಗಿನ ಬದುಕಿನಿಂದ ಬರೆಯಲ್ಪಡುತ್ತದೆ.

ಆದರೆ ಓಸ್‌ಬರ್ಗರ ಅಂಕಿಯನ್ನು ತಿರುಗಿಸಿ ಓದಬೇಕು: ರಾಸಾಯನಿಕ ಕಡಮೆಯಿದ್ದವರಲ್ಲೂ ಶೇ. 60 ಮಂದಿ ಯತ್ನಿಸಿರಲಿಲ್ಲ. ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ಸಮೀಕ್ಷೆಯ ಪ್ರಕಾರ, ಯಾವ ಅಪಾಯಸೂಚಿಯೂ ಕಾಕತಾಳೀಯಕ್ಕಿಂತ ಹೆಚ್ಚು ಮುಂದೆ ಹೋಗದು. 2022ರಲ್ಲಿ ನೆಟೆರೋಗವು ಕಲಬುರಗಿ ಜಿಲ್ಲೆಯ ತೊಗರಿಯನ್ನು ಒಣಗಿಸಿತು. ನಷ್ಟ ಸಾವಿರಾರು ಹೊಲಗಳದು. ಆ ನಷ್ಟದಲ್ಲಿ ಒಬ್ಬನು ಕುಸಿದು ನೆರೆಯವನು ನಿಲ್ಲುವುದೇಕೆಂಬ ಪ್ರಶ್ನೆಗೆ ಮಿದುಳಿನ ಶಾಸ್ತ್ರ ಅಲ್ಪಸ್ವಲ್ಪ ಉತ್ತರ ಕೊಡಬಲ್ಲದು. ಈ ವರ್ಷವೇ ಏಕೆ, ಈ ಸೀಮೆಯಲ್ಲೇ ಏಕೆ ಎಂಬುದಕ್ಕೆ ಉತ್ತರ ವಾಸವಿಯವರ ಮಾರ್ಗದಲ್ಲಿದೆ. ವ್ಯಕ್ತಿಯ ದೌರ್ಬಲ್ಯವನ್ನು ಹೆಸರಿಸಿದೊಡನೆ ಸರ್ಕಾರದ ಹೊಣೆ ತೀರಿತೆಂದು ತಿಳಿದವರೂ, ಆ ಭಯದಿಂದ ದೌರ್ಬಲ್ಯದ ಮಾತೇ ಬೇಡವೆಂದವರೂ ಈ ಎರಡು ಪ್ರಶ್ನೆಗಳನ್ನು ಒಂದಾಗಿಸಿಕೊಂಡಿದ್ದಾರೆ.

ಇತಿಹಾಸದ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಸೇಡಂ ತಾಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಕೊನೆಯ ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ಮುಡಿಪಿದನು. ಆ ವ್ರತಕ್ಕೆ ಸೆರೊಟೊನಿನ್ನಿನ ಕೊರತೆಯನ್ನು ಆರೋಪಿಸುವುದು ಕಾಲವಿರುದ್ಧ; ಇಂದಿನ ನೊಂದವನ ಸಾವಿಗೆ ತ್ಯಾಗದ ಪ್ರಭೆ ಕಟ್ಟುವುದು ಅದಕ್ಕಿಂತಲೂ ಕೇಡು.

ಆಕರಗಳೂ ನಿಷ್ಪಕ್ಷಪಾತವಲ್ಲ. 2015ರಿಂದ ಮೃತ ರೈತನ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರವಿದೆ. ಅದಕ್ಕೆ ಸಾಲದ ದಾಖಲೆ ಬೇಕು. ಆದ್ದರಿಂದ ಕಡತದಲ್ಲಿ ಸಾಲ ಉಳಿಯುತ್ತದೆ, ಖಿನ್ನತೆ ಅಳಿಯುತ್ತದೆ. ಪಹಣಿಯಲ್ಲಿ ಹೆಸರಿಲ್ಲದ ಹೆಂಗಸು, ವಾಡಿಯ ಸಿಮೆಂಟು ಕಾರ್ಖಾನೆಯ ಗುತ್ತಿಗೆ ಕೂಲಿ, ಶಹಾಬಾದಿನ ಕಲ್ಲುಗಣಿಯವನು, ಇವರ ದುಃಖಕ್ಕೆ ಆ ಕಡತದಲ್ಲಿ ಅಂಕಣವೇ ಇಲ್ಲ. ಹಿಂದಿನ ಕಾಯಿಲೆ, ಪಡೆದ ಚಿಕಿತ್ಸೆ, ಮೊದಲಿನ ಯತ್ನ ಇವುಗಳನ್ನು ಪರಿಹಾರಕ್ಕೆ ಬಾಧಕವಾಗದಂತೆ ಬೇರೆಯಾಗಿ ದಾಖಲಿಸಬೇಕೆಂದು ನಮ್ಮ ಅಭಿಪ್ರಾಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿಯೇ ಬಳ್ಳಾರಿ ಜಿಲ್ಲೆಯಲ್ಲಿ, ಊರಿನ ಆಸ್ಪತ್ರೆಗಳ ವೈದ್ಯರೇ ಮನೋರೋಗಕ್ಕೆ ಮದ್ದು ಕೊಡಬಹುದೆಂದು ತೋರಿಸಿತು. 2022ರ ಅಕ್ಟೋಬರಿನಿಂದ 14416 ಎಂಬ ಟೆಲಿ-ಮಾನಸ್ ದೂರವಾಣಿಯಲ್ಲಿ ಕನ್ನಡದಲ್ಲಿಯೂ ನೆರವು ದೊರೆಯುತ್ತಿದೆ.