ಪರದೆ ಎಳೆದವನು ಕಂಡ ‘ತುಘಲಕ್’

ಹದಿನೈದು ವರ್ಷಗಳಿಂದ ತರಗತಿಯಲ್ಲಿ ‘ತುಘಲಕ್’ ಪಾಠ ಹೇಳುತ್ತ ಬಂದಿದ್ದೇನೆ. ಆದರ್ಶವಾದಿಯ ದುರಂತ, ನೆಹರೂ ಯುಗದ ಭ್ರಮನಿರಸನ, ಚದುರಂಗದ ಸಂಕೇತ, ಇವೆಲ್ಲ ನನಗೆ ಬಾಯಿಪಾಠ. ಕಳೆದ ವರ್ಷ ನಮ್ಮೂರಿನ ಹವ್ಯಾಸಿ ತಂಡವೊಂದು ಆ ನಾಟಕವನ್ನೇ ಕೈಗೆತ್ತಿಕೊಂಡಾಗ, ಪಾತ್ರಕ್ಕೆ ಬೇಕಾದ ಕಂಠವಾಗಲಿ ಮೈಕಟ್ಟಾಗಲಿ ಇಲ್ಲದ ನನ್ನ ಪಾಲಿಗೆ ಬಂದದ್ದು ಪರದೆಯ ಹಗ್ಗ. ಜೊತೆಗೆ ಸಾಮಾನು ಹೊರುವ ಕೆಲಸ. ಹಗ್ಗ ಹಿಡಿದ ಮೇಲೆ ತಿಳಿಯಿತು, ನಾನು ಪಾಠ ಹೇಳಿದ್ದು ಅರ್ಧ ನಾಟಕವನ್ನು ಮಾತ್ರ ಎಂದು.

1964ರ ಈ ಕೃತಿಯ ಕಟ್ಟಡವನ್ನು ಗಿರೀಶ ಕಾರ್ನಾಡರು ಪಡೆದದ್ದು ಪಾರ್ಸಿ ಮಾದರಿಯ ಕಂಪನಿ ನಾಟಕಗಳಿಂದ. ಅವರೇ ಅದನ್ನು ಹೇಳಿಕೊಂಡಿದ್ದಾರೆ. ಕಂಪನಿಗಳಲ್ಲಿ ಅರಮನೆ, ದರ್ಬಾರುಗಳ ಘನ ದೃಶ್ಯ ರಂಗದ ಆಳದಲ್ಲಿ ನಡೆಯುತ್ತಿತ್ತು. ಅದು ಮುಗಿದೊಡನೆ ಬೀದಿಯ ಚಿತ್ರ ಬರೆದ ಪರದೆ ಬೀಳುತ್ತಿತ್ತು. ಅದರ ಮುಂದಿನ ನಾಲ್ಕು ಮೊಳ ಜಾಗದಲ್ಲಿ ಹಾಸ್ಯಗಾರರು ಜನರನ್ನು ನಗಿಸುತ್ತಿರುವಾಗಲೇ ಹಿಂದೆ ಸಿಂಹಾಸನ ಹೋಗಿ ಉದ್ಯಾನ ಬರಬೇಕು. ಹಾಸ್ಯ ಎಷ್ಟು ಹೊತ್ತು ನಡೆಯಬೇಕೆಂಬುದರಲ್ಲಿ ಕವಿಯ ಮಾತಿನಷ್ಟೇ ಸಾಮಾನು ಹೊರುವವನ ಮಾತೂ ನಡೆಯುತ್ತಿತ್ತೆನ್ನಬೇಕು! ನಮ್ಮ ವಿಮರ್ಶೆ ಈ ಹಾಸ್ಯವನ್ನು ಅಗ್ಗದ್ದೆಂದು ಹಳಿದದ್ದೇ ಹೆಚ್ಚು. ಅದು ಹೊತ್ತ ಭಾರವನ್ನು ತೂಗಿ ನೋಡಿದ್ದು ಕಡಿಮೆ.

ಅಗಸ ಅಜೀಜ, ಅವನ ಗೆಳೆಯ ಆಜಮ ಹುಟ್ಟಿದ್ದು ಆ ನಾಲ್ಕು ಮೊಳ ಜಾಗಕ್ಕೆ. ಬರೆಯುತ್ತ ಹೋದಂತೆ ಅವರು ಅಲ್ಲಿ ನಿಲ್ಲಲಿಲ್ಲ. ಓದುವಾಗ ಇದು ಕಥಾಸಂವಿಧಾನದ ಒಂದು ತಿರುವು, ಅಷ್ಟೆ. ಹಗ್ಗ ಹಿಡಿದವನಿಗೆ ಅದು ಬೇರೆಯೇ ಅನುಭವ. ಕೊನೆಯ ದೃಶ್ಯದಲ್ಲಿ ಎಳೆಯಲು ನನಗೆ ಪರದೆಯೇ ಇಲ್ಲ; ಅಜೀಜ ರಂಗದ ಆಳದಲ್ಲಿ ಸುಲ್ತಾನನಿಗೆ ಎದುರಾಗಿ ನಿಂತಿದ್ದಾನೆ. ಬೀದಿ ಅರಮನೆಯೊಳಕ್ಕೆ ಬಂದಿದೆ. ಪರದೆಯನ್ನೇ ಕೈಬಿಟ್ಟು, ದೀಪ ಆರಿಸಿ ದೃಶ್ಯ ಬದಲಿಸುವ ನಿರ್ದೇಶಕರು ಕೆಲಸವನ್ನು ಹಗುರ ಮಾಡಿಕೊಂಡಿದ್ದಾರೆ, ನಿಜ. ಆದರೆ ಗಡಿಯೇ ಕಾಣದಿದ್ದರೆ ಅಜೀಜ ದಾಟಿದ್ದೇನನ್ನು?

ಇನ್ನೊಂದು ಸಂಗತಿ ಹೇಳಬೇಕು. ಅದರಲ್ಲಿ ತಪ್ಪು ನನ್ನದೇ. ಪರದೆಯ ಮುಂದೆ ಅಜೀಜ ಘಿಯಾಸುದ್ದೀನನನ್ನು ಕೊಂದು ಅವನ ವೇಷ ತೊಡಲು ಸಿದ್ಧನಾಗುತ್ತಾನೆ. ಅದೇ ಹೊತ್ತಿಗೆ ಹಿಂದೆ ನಾವು ಸುಲ್ತಾನನ ಗುಲಾಬಿ ತೋಟಕ್ಕೆ ಸುರಿಯಬೇಕಾದ ಖೋಟಾ ನಾಣ್ಯದ ಚೀಲಗಳನ್ನು ಸಾಗಿಸುತ್ತಿದ್ದೆವು. ನಾಣ್ಯವೆಂದರೆ ಕಬ್ಬಿಣದ ವಾಷರುಗಳು. ನನ್ನ ಕೈಯಲ್ಲಿದ್ದ ಚೀಲ ಬಾಯಿಬಿಟ್ಟಿತು. ಝಣಝಣ ಸದ್ದು ಸಭೆಯ ಕೊನೆಯ ಸಾಲಿಗೂ ಕೇಳಿಸಿತು. ನಿರ್ದೇಶಕರು ಬೈದರು, ಬೈಯಬೇಕಾದದ್ದೇ. ಆದರೆ ಮುಂದೆ ಖೋಟಾ ಸಂತ, ಹಿಂದೆ ಖೋಟಾ ನಾಣ್ಯ! ಒಂದೇ ಟಂಕಸಾಲೆಯ ಎರಡು ಸರಕು. ಇಷ್ಟು ವರ್ಷ ಈ ಎರಡು ದೃಶ್ಯಗಳು ಅಕ್ಕಪಕ್ಕದಲ್ಲಿದ್ದದ್ದು ನನ್ನ ಟಿಪ್ಪಣಿಯಲ್ಲಿ ಎಲ್ಲಿಯೂ ಇರಲಿಲ್ಲ.

ಮರುದಿನದ ಪ್ರಯೋಗಕ್ಕೆ ಚೀಲದ ಬಾಯನ್ನು ಸೆಣಬಿನ ಹುರಿಯಿಂದ ಬಿಗಿದು ಕಟ್ಟಿದೆ. ಸದ್ದಾಗಲಿಲ್ಲ. ಎಲ್ಲರೂ ಮೆಚ್ಚಿದರು, ನನಗೊಬ್ಬನಿಗೆ ಏನೋ ಕಳೆದುಕೊಂಡಂತಾಯಿತು.