ಹಿಮವೆಂಬ ಒಂದೇ ಮಾತು

ಹಿಮಾಲಯವನ್ನು ಕುರಿತ ನಮ್ಮ ಪ್ರವಾಸಕಥನಗಳನ್ನು ಓದುವಾಗಲೆಲ್ಲ ನನಗೊಂದು ಕೊರತೆ ಎದ್ದು ಕಾಣುತ್ತದೆ. ಅಲ್ಲಿ ಶಿಖರಗಳು ಬೆಳ್ಳಿಯಂತೆ ಹೊಳೆಯುತ್ತವೆ. ಲೇಖಕರ ಮನಸ್ಸು ಕೈಲಾಸವನ್ನು ನೆನೆಯುತ್ತದೆ. ಆದರೆ ಅವರು ತುಳಿದ ಹಿಮ ಎಂಥದೆಂಬುದು ಮಾತ್ರ ತಿಳಿಯುವುದಿಲ್ಲ. ಹೊಸದೋ ಹಳೆಯದೋ, ಗಾಳಿ ತಂದು ಒಟ್ಟಿದ್ದೋ, ಬಿಸಿಲಿಗೆ ಸಡಿಲಗೊಂಡದ್ದೋ, ಎಲ್ಲಕ್ಕೂ ಹಿಮವೆಂಬ ಒಂದೇ ಮಾತು. ಇನ್ನೊಂದು ಬೇಕೆನಿಸಿದರೆ ಮಂಜು. ಅದಾದರೋ ನಮ್ಮ ಮಾಗಿಯ ಬೆಳಗಿನ ಮುಸುಕಿಗೂ ಸಲ್ಲುತ್ತದೆ.

ಇದಕ್ಕೆ ಸಂಪ್ರದಾಯವನ್ನು ದೂರುವಂತಿಲ್ಲ. ‘ಕುಮಾರಸಂಭವ’ದ ಮೊದಲ ಸರ್ಗದಲ್ಲಿ ಕಾಳಿದಾಸನು ಹಿಮವನ್ನು ಪರ್ವತರಾಜನ ದೋಷವೆಂದೇ ಎಣಿಸಿ, ಗುಣಗಳ ರಾಶಿಯಲ್ಲಿ ಅದು ಮುಳುಗಿತೆನ್ನುತ್ತಾನೆ. ಕಲ್ಲಾದ ಹಿಮದ ದಾರಿಯಲ್ಲಿ ಕಿನ್ನರಿಯರ ಬೆರಳು, ಹಿಮ್ಮಡಿಗಳು ನೋಯುವುದನ್ನೂ ಕಾಣಿಸುತ್ತಾನೆ. ಅವನ ಕಣ್ಣು ದಾರಿಯ ಮೇಲೂ ಇತ್ತು. ನಮ್ಮವರದು ಶಿಖರದ ಮೇಲಷ್ಟೆ.

ಇದು ಬರಿಯ ಶೈಲಿಯ ಪ್ರಶ್ನೆಯಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಯೋಧರು ಹಿಮದಡಿ ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರೊಬ್ಬರೇ ಆರು ದಿನಗಳ ಮೇಲೆ ಜೀವಂತವಾಗಿ ಸಿಕ್ಕಿ, 11ರಂದು ದೆಹಲಿಯಲ್ಲಿ ತೀರಿಕೊಂಡರು. ನಾಡೆಲ್ಲ ಮರುಗಿತು. ಆಗಲೂ ಹಿಮಪಾತ, ಹಿಮಕುಸಿತ ಎಂಬ ಮಾತುಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸಿದೆವು. ಆಕಾಶದಿಂದ ಬೀಳುವುದು ಬೇರೆ, ಇಳಿಜಾರಿನಿಂದ ಕಳಚಿ ಬರುವುದು ಬೇರೆ.

ಮಹದೇಶ್ವರ ಬೆಟ್ಟದಾಚೆ, ಪಾಲಾರ್ ಹಳ್ಳ ಕಾವೇರಿಯನ್ನು ಸೇರುವ ನಮ್ಮ ಸೀಮೆಯಲ್ಲಿ ಇಂಥ ಗೊಂದಲವಿಲ್ಲ. ‘ಮಳೆ ಬಂತು’ ಎಂದರೆ ಒಂದು; ‘ಹಳ್ಳ ಬಂತು’ ಎಂದರೆ ಇನ್ನೊಂದು. ಎರಡನೆಯದನ್ನು ಕೇಳಿದವನು ದನ ಹೊಡೆದುಕೊಂಡು ದಡ ಹತ್ತುತ್ತಾನೆ. ಮಾತು ಜೀವ ಕಾಯುವುದು ಹೀಗೆ.

ಹಿಮದಲ್ಲಿಯೂ ಇಂಥ ವಿವೇಕಕ್ಕೆ ಎಡೆಯುಂಟು. ಗಾಳಿ ಒಟ್ಟಿದ ಹೊಸ ಹಿಮ ಬಿಗಿದು ಹಲಗೆಯಂತಾಗುತ್ತದೆ. ಅದರಡಿಯ ಪದರ ದುರ್ಬಲವಾಗಿದ್ದರೆ, 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಒಬ್ಬನ ಹೆಜ್ಜೆಯ ಭಾರಕ್ಕೇ ಇಡೀ ಹಲಗೆ ಕಳಚಬಹುದು. ಹೂತವನನ್ನು ಹದಿನೈದು ನಿಮಿಷದೊಳಗೆ ಹೊರತೆಗೆಯದಿದ್ದರೆ ಬದುಕುವ ಆಸೆ ಬಹಳ ಕಡಮೆ. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ದ್ರೌಪದಿ ಕಾ ದಂಡಾ ಶಿಖರದಲ್ಲಿ ಪರ್ವತಾರೋಹಣದ ತರಬೇತಿಗೆ ಹೋದವರು ಹಿಮಕುಸಿತಕ್ಕೆ ಸಿಕ್ಕಿದರು; ಸತ್ತವರಲ್ಲಿ ನಮ್ಮ ನಾಡಿನ ತರುಣರೂ ಇದ್ದರು.

ಪ್ರವಾಸಕಥನವೇನು ಕೈಪಿಡಿಯೇ ಎಂದು ಕೇಳಬಹುದು. ಅಲ್ಲ, ನಿಜ. ಆದರೆ ಕಂಡದ್ದನ್ನು ಕಂಡಂತೆ ಹೇಳುವುದು ಸಾಹಿತ್ಯದ ಮೊದಲ ಕರ್ತವ್ಯ. ಪ್ರತಿ ವರ್ಷ ನಮ್ಮ ಹುಡುಗರು ಬೆನ್ನಿಗೆ ಚೀಲವೇರಿಸಿ ಉತ್ತರಕ್ಕೆ ಹೊರಡುತ್ತಾರೆ. ಅವರು ಹೊತ್ತೊಯ್ಯುವ ಕನ್ನಡದಲ್ಲಿ ಹಿಮದ ಬೆಡಗಿಗೆ ನೂರು ಮಾತಿದ್ದು ಅಪಾಯಕ್ಕೆ ಒಂದೂ ನೆಟ್ಟಗಿಲ್ಲದಿದ್ದರೆ, ಅದು ಬರೆಯುವವರ ಹೊಣೆಯೇ ಸರಿ.